ಒಂದು ಬಾಯಿ ಹೆಚ್ಚಿಗೆ

ಆಪತ್ತಿಗೆ ಮೊದಲೇ ಸಿದ್ಧರಾಗುವುದನ್ನು ಕಲಿಯುವ ನಮ್ಮ ಭಾನುವಾರದ ತರಗತಿಗೆ ಹೊಸದಾಗಿ ಬರುವವರಲ್ಲಿ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: “ಟೀಚರ್, ನಾಳೆಯ ಚಿಂತೆ ಬೇಡ ಅಂತ ಯೇಸುಸ್ವಾಮಿಯೇ ಕಲಿಸಿದ್ದಾರೆ. ಹಾಗಿದ್ದ ಮೇಲೆ ಮನೆಯಲ್ಲಿ ತಿಂಗಳುಗಟ್ಟಲೆ ರಾಗಿ ತುಂಬಿಡೋದು ದೇವರನ್ನ ನಂಬದ ಹಾಗೆ ಆಗೋದಿಲ್ವಾ?” ಕೇಳುವವರು ಹೆಚ್ಚಾಗಿ ಚಿಕ್ಕ ವಯಸ್ಸಿನವರು. ಕೆಲಸಕ್ಕೋ ಓದಿಗೋ ಮೈಸೂರಿಗೆ ಬಂದು ಬಾಡಿಗೆ ಮನೆ ಮಾಡಿದವರು. ಮೊಬೈಲು ಒತ್ತಿದರೆ ಮೊಸರು ಬಾಗಿಲಿಗೆ ಬರುವ ಕಾಲದಲ್ಲಿ ಬೆಳೆದವರು. ಪ್ರಶ್ನೆ ಒಳ್ಳೆಯದು, ಒಂದೇ ಮಾತಿನಲ್ಲಿ ಮುಗಿಸುವಂಥದ್ದಲ್ಲ. ನಿಧಾನವಾಗಿ ಹೋಗೋಣ.

ನಾನು ಶುರು ಮಾಡುವುದು ಯೋಸೇಫನಿಂದ. ಆದಿಕಾಂಡದ 41ನೆಯ ಅಧ್ಯಾಯ ತೆಗೆಯಿರಿ. ಕೊಬ್ಬಿದ ಏಳು ಹಸುಗಳನ್ನು ಏಳು ಬಡಕಲು ಹಸುಗಳು ನುಂಗಿದ ಹಾಗೆ ಐಗುಪ್ತದ ಅರಸನಿಗೆ ಕನಸು ಬೀಳುತ್ತದೆ. ಏಳು ವರ್ಷ ಸುಭಿಕ್ಷ, ಆಮೇಲೆ ಏಳು ವರ್ಷ ಬರ ಎಂದು ಯೋಸೇಫ ಅರ್ಥ ಹೇಳುತ್ತಾನೆ. ಅರ್ಥ ಹೇಳಿ ಸುಮ್ಮನೆ ಕೂರುವುದಿಲ್ಲ. ಒಳ್ಳೆಯ ವರ್ಷಗಳ ಬೆಳೆಯಲ್ಲಿ ಐದರಲ್ಲೊಂದು ಪಾಲು ಕಣಜ ಸೇರಲಿ ಎಂದು ದಾರಿಯನ್ನೂ ತೋರಿಸುತ್ತಾನೆ. ಐದರಲ್ಲೊಂದು, ಅಷ್ಟೇ. ಉಳಿದ ನಾಲ್ಕು ಪಾಲು ಆ ವರ್ಷವೇ ಉಣ್ಣಲಿಕ್ಕೆ. ಆದರೆ ಕಥೆಯನ್ನು ಅಲ್ಲಿಗೇ ಬಿಡಬೇಡಿ, 47ನೆಯ ಅಧ್ಯಾಯವನ್ನೂ ಓದಿ. ಬರ ಮುಗಿಯುವ ಹೊತ್ತಿಗೆ ಜನ ಕಾಳಿಗಾಗಿ ದನಕರು ಮಾರಿ, ಹೊಲ ಮಾರಿ, ಕೊನೆಗೆ ತಮ್ಮನ್ನೇ ಅರಸನಿಗೆ ಒಪ್ಪಿಸಿಬಿಟ್ಟಿರುತ್ತಾರೆ. ಕಣಜ ಜೀವ ಉಳಿಸಿತು, ನಿಜ. ಕಣಜದ ಬೀಗದ ಕೈ ಒಂದೇ ಕಡೆ ಸೇರಿದರೆ ಏನಾಗುತ್ತದೆ ಎನ್ನುವುದನ್ನೂ ಅದೇ ಪುಸ್ತಕ ಮುಚ್ಚಿಡದೆ ಹೇಳಿದೆ.

ಇನ್ನು ಮನ್ನ. ಅರಣ್ಯದಲ್ಲಿ ದಿನಾ ಬೆಳಿಗ್ಗೆ ಬೀಳುತ್ತಿದ್ದ ಆಹಾರ. ನಾಳೆಗಿರಲಿ ಎಂದು ಎತ್ತಿಟ್ಟವರ ಮಡಕೆಯಲ್ಲಿ ಹುಳ ಬಿತ್ತು, ನಾತ ಹೊಡೆಯಿತು. ಈ ಭಾಗವನ್ನು ಎಲ್ಲರೂ ಬಲ್ಲರು. ಆರನೆಯ ದಿನ ಎರಡರಷ್ಟು ಕೂಡಿಸಬೇಕೆಂದು ದೇವರೇ ಹೇಳಿದ್ದು, ಸಬ್ಬತ್ತಿಗಾಗಿ ಎತ್ತಿಟ್ಟ ಆ ಪಾಲು ಕೆಡದೆ ಉಳಿದದ್ದು ಅಷ್ಟಾಗಿ ಯಾರ ನೆನಪಲ್ಲೂ ನಿಲ್ಲುವುದಿಲ್ಲ. ಅದೇ ಮನ್ನ, ಅದೇ ಮಡಕೆ. ಭಯದಿಂದ ಬಚ್ಚಿಟ್ಟದ್ದು ಹುಳ ಹಿಡಿಯಿತು. ಬರುವ ದಿನ ಇಂಥದ್ದು ಎಂದು ತಿಳಿದು ಎತ್ತಿಟ್ಟದ್ದು ಹಸನಾಗಿ ಉಳಿಯಿತು. ಲೂಕನ ಸುವಾರ್ತೆಯ 12ನೆಯ ಅಧ್ಯಾಯದ ಧನಿಕನನ್ನೂ ಈ ಕಣ್ಣಿನಿಂದಲೇ ನೋಡಿ. ಹಳೆಯ ಕಣಜ ಕೆಡವಿ ದೊಡ್ಡದು ಕಟ್ಟುವ ಯೋಚನೆಯಲ್ಲಿರುವಾಗಲೇ ಆ ರಾತ್ರಿ ಅವನ ಪ್ರಾಣ ಹೋಗುತ್ತದೆ. ಅವನು ಆಡುವ ಮಾತಷ್ಟನ್ನೂ ತನ್ನೊಂದಿಗೇ ಆಡಿಕೊಳ್ಳುತ್ತಾನೆ. ನನ್ನ ಬೆಳೆ, ನನ್ನ ಕಣಜ, ನನ್ನ ಸರಕು. ಆ ಮಾತಿನೊಳಕ್ಕೆ ಇನ್ನೊಬ್ಬ ಮನುಷ್ಯ ಬರುವುದೇ ಇಲ್ಲ.

ಇಲ್ಲಿ ಜಾಣ ಹುಡುಗರು ನನ್ನನ್ನು ಹಿಡಿದು ನಿಲ್ಲಿಸುತ್ತಾರೆ. ಹತ್ತು ಮಂದಿ ಕನ್ಯೆಯರ ಸಾಮ್ಯದಲ್ಲಿ ಬುದ್ಧಿವಂತೆಯರು ಎಣ್ಣೆ ಕೊಡುವುದಿಲ್ಲವಲ್ಲ, ಅದಕ್ಕೇನು ಹೇಳುತ್ತೀರಿ ಅಂತ. ಬಹಳ ವರ್ಷ ನನಗೂ ಅದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಾಗಿತ್ತು. ನನಗೆ ತಿಳಿದಷ್ಟು ಹೇಳುತ್ತೇನೆ. ಆ ಸಾಮ್ಯ ಎಚ್ಚರವಾಗಿರುವುದರ ಬಗ್ಗೆ. ಎಚ್ಚರ, ಪ್ರಾರ್ಥನೆ, ಪಳಗಿದ ಕೈ, ಇವನ್ನು ಕಡೆಯ ಗಳಿಗೆಯಲ್ಲಿ ಪಕ್ಕದ ಮನೆಯಿಂದ ಕಡ ತರಲಾಗುವುದಿಲ್ಲ. ಹೊಳೆ ಉಕ್ಕಿದಾಗ ಈಜು ಕಲಿಯಲಾದೀತೇ? ಅಕ್ಕಿಯ ಮಾತು ಬೇರೆ. ಅಕ್ಕಿ ಹಂಚಬಹುದು, ಹಂಚಲೇಬೇಕು. ಅಪೊಸ್ತಲರ ಕೃತ್ಯಗಳ 11ನೆಯ ಅಧ್ಯಾಯದಲ್ಲಿ ಅಗಬ ಎಂಬ ಪ್ರವಾದಿ ಕ್ಷಾಮ ಬರುತ್ತದೆಂದು ಮುಂಚೆಯೇ ಹೇಳುತ್ತಾನೆ. ಅಂತಿಯೋಕ್ಯದ ಶಿಷ್ಯರು ಆ ಮಾತು ಕೇಳಿ ತಮ್ಮ ಅಟ್ಟ ತುಂಬಿಸಿಕೊಳ್ಳಲು ಓಡಲಿಲ್ಲ. ಕೈಲಾದಷ್ಟು ಕೂಡಿಸಿ, ಬಾರ್ನಬ ಮತ್ತು ಸೌಲನ ಕೈಯಲ್ಲಿ ದೂರದ ಯೂದಾಯದ ಸಹೋದರರಿಗೆ ಕಳಿಸಿದರು. ಕ್ರೈಸ್ತರು ಎಂಬ ಹೆಸರು ಮೊದಲು ಬಂದದ್ದು ಅದೇ ಊರಲ್ಲಿ, ಅದೇ ಅಧ್ಯಾಯದಲ್ಲಿ.

ಪುಸ್ತಕದ ಮಾತಾಯಿತು. ಇನ್ನು ನಮ್ಮ ಸೀಮೆಯ ಮಾತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಲು ಫ್ರಾನ್ಸಿನ ಒಬ್ಬ ಪಾದ್ರಿ ಇಲ್ಲಿಗೆ ಬಂದರು. ಅಬ್ಬೆ ದ್ಯುಬುವಾ. ನಮ್ಮವರ ಹಾಗೆ ಉಡುಗೆ ತೊಟ್ಟು, ಮಾಂಸ ಬಿಟ್ಟು, ಎರಡು ದಶಕಕ್ಕೂ ಹೆಚ್ಚು ಕಾಲ ಈ ಸೀಮೆಯಲ್ಲಿ ಬದುಕಿದರು. ಹಿಂದೂ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಪುಸ್ತಕಕ್ಕೆ ಹೆಸರು ಹೆಚ್ಚು. ಅದರ ಹಲವು ತೀರ್ಮಾನಗಳನ್ನು ನಾನು ಒಪ್ಪುವುದಿಲ್ಲ. ನನಗೆ ಅವರು ದೊಡ್ಡವರಾಗಿ ಕಾಣುವುದು ಬೇರೆ ಎರಡು ಕೆಲಸಗಳಿಂದ. ಸಿಡುಬು ಮನೆಮನೆ ಬಾಚುತ್ತಿದ್ದ ಕಾಲದಲ್ಲಿ ದೇವಿ ಹಾಕಿಸುವ, ಅಂದರೆ ಲಸಿಕೆ ಹಾಕಿಸುವ, ಕೆಲಸಕ್ಕೆ ಕೈಹಚ್ಚಿದರು. 1803–04ರಲ್ಲೇ 25 ಸಾವಿರಕ್ಕೂ ಹೆಚ್ಚು ಜನರಿಗೆ ಹಾಕಿಸಿದರೆಂದು ದಾಖಲೆಯಿದೆ. ಜೆನ್ನರ್ ಎಂಬ ವೈದ್ಯ ಆ ಲಸಿಕೆಯನ್ನು ಇಂಗ್ಲೆಂಡಿನಲ್ಲಿ ಮೊದಲು ಪರೀಕ್ಷಿಸಿದ್ದು 1796ರಲ್ಲಿ ಎಂದು ನೆನೆದರೆ ಇದು ಎಷ್ಟು ಬೇಗ ಆದ ಕೆಲಸ ಎಂದು ತಿಳಿಯುತ್ತದೆ. ಇನ್ನೊಂದು, ಕೂಳಿಗೆ ಗತಿಯಿಲ್ಲದ ಕುಟುಂಬಗಳನ್ನು ನೆಲದ ಮೇಲೆ ನಿಲ್ಲಿಸಿ ಬೇಸಾಯದ ಪಾಳ್ಯಗಳನ್ನು ಕಟ್ಟಿದ್ದು. ದಾನದ ಗಂಜಿ ಒಂದು ಹೊತ್ತಿನದು. ಉಳಲು ನೆಲ ಸಿಕ್ಕಿದವನು ಮರುವರ್ಷ ತಾನೇ ಇನ್ನೊಬ್ಬರಿಗೆ ಗಂಜಿ ಕಾಯಿಸಿಯಾನು. ಶ್ರೀರಂಗಪಟ್ಟಣದಲ್ಲಿ ಇಂದಿಗೂ ಅವರ ಹೆಸರಿನಿಂದಲೇ ಕರೆಯುವ ಚರ್ಚಿದೆ. ದರಿಯಾ ದೌಲತ್ ಅರಮನೆ ನೋಡಲು ಹೋದಾಗ ಅಲ್ಲಿಗೂ ಹೋಗಿ ಬನ್ನಿ.

ದ್ಯುಬುವಾ 1823ರಲ್ಲಿ ಊರಿಗೆ ಹಿಂದಿರುಗಿದರು. ಅವರು ಹೋಗಿ ಅರ್ಧ ಶತಮಾನದ ಮೇಲೆ ಬಂದದ್ದು ಧಾತು–ಈಶ್ವರ ಸಂವತ್ಸರಗಳ ಬರ, 1876ರಿಂದ 78. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು. 1881ರ ಗಣತಿಯಲ್ಲಿ 42 ಲಕ್ಷದ ಒಳಗೆ ಬಂತು. ಒಂದು ನಿಮಿಷ ಆ ಎರಡು ಅಂಕಿಗಳ ಮುಂದೆ ಕೂತುಕೊಳ್ಳಿ.

ನಮ್ಮ ರೈತರಿಗೆ ಬರ ಹೊಸದಲ್ಲ, ಅದಕ್ಕೆಂದೇ ಹಗೇವು ಇತ್ತು. ಪಟ್ಟಣದಲ್ಲಿ ಹುಟ್ಟಿದವರು ನೋಡಿರಲಾರಿರಿ. ಗಟ್ಟಿ ನೆಲದಲ್ಲಿ ಗುಡಾಣದ ಆಕಾರಕ್ಕೆ ಗುಂಡಿ ತೋಡುತ್ತಿದ್ದರು. ಬಾಯಿ ಕಿರಿದು, ಹೊಟ್ಟೆ ಅಗಲ. ಸುತ್ತ ಹುಲ್ಲು ಒತ್ತಿ, ರಾಗಿ ಸುರಿದು, ಮೇಲೆ ಮತ್ತೆ ಹುಲ್ಲು ಹಾಸಿ ಮಣ್ಣಿನಿಂದ ಮುಚ್ಚಿಬಿಡುತ್ತಿದ್ದರು. ರಾಗಿ ಕಾಳು ಸಣ್ಣದು, ಹುಳಕ್ಕೆ ಸುಲಭದಲ್ಲಿ ಬಗ್ಗುವುದಿಲ್ಲ. ಗಾಳಿಯಾಡದ ಗುಂಡಿಯಲ್ಲಿ ವರ್ಷಗಟ್ಟಲೆ ಹಾಗೇ ಇರುತ್ತಿತ್ತು. ತೆಗೆಯುವ ದಿನ ಮಾತ್ರ ಅವಸರ ಮಾಡುತ್ತಿರಲಿಲ್ಲ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಒಳಗೆ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಒಳಗಿನದು ಕೆಟ್ಟ ಗಾಳಿ, ಇಳಿದವನು ಮೇಲೆ ಬರುವುದಿಲ್ಲ. ತುಂಬಿಟ್ಟ ಕಣಜವೇ ಆಳನ್ನು ಕೊಲ್ಲಬಲ್ಲದು ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಹಗೇವು ಹೋಯಿತು, ಮೈಸೂರು ಕಾಳು ಕಾಯುವ ಊರಾಗಿಯೇ ಉಳಿಯಿತು. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಅಂದರೆ ನಮ್ಮ ಸಿಎಫ್‌ಟಿಆರ್‌ಐ, ಶುರುವಾಯಿತು. 1961ರಲ್ಲಿ ಸೈನಿಕರ ಆಹಾರ ಕೆಡದಂತೆ ಇಡುವ ಬಗೆಯನ್ನು ಹುಡುಕಲು ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಅಂದರೆ ಡಿಎಫ್‌ಆರ್‌ಎಲ್ ಬಂತು. ಹಾಗಾಗಿ ಈ ವಿಷಯ ಕಲಿಯಲು ಇದಕ್ಕಿಂತ ಒಳ್ಳೆಯ ಊರು ನಿಮಗೆ ಸಿಗುವುದು ಕಷ್ಟ.

ಆದರೂ ನಾನು ಎಡವಿದ್ದೇನೆ, ಅದನ್ನು ಹೇಳಲೇಬೇಕು. 2020ರ ಮಾರ್ಚ್ 24ರ ರಾತ್ರಿ 21 ದಿನಗಳ ಲಾಕ್‌ಡೌನ್ ಘೋಷಣೆಯಾದಾಗ ನನ್ನ ಮನೆಯಲ್ಲಿ ಎರಡು ತಿಂಗಳಿಗೆ ಸಾಕಾಗುವಷ್ಟು ದಿನಸಿ ಇತ್ತು. ಅಮ್ಮ ಕಲಿಸಿದ ಅಭ್ಯಾಸ. ಮನಸ್ಸಿಗೆ ನೆಮ್ಮದಿಯಾಗಿತ್ತು. ಐದನೆಯ ದಿನ ಬೀದಿಯ ಕೊನೆಯ ಮನೆಯ ಹೆಣ್ಣುಮಗಳು ಗೇಟಿನ ಹೊರಗೆ ನಿಂತು, ಎರಡು ಲೋಟ ಅಕ್ಕಿ ಕೇಳಿದಳು. ಗಂಡ ಗಾರೆ ಕೆಲಸದವನು. ಲೋಟವನ್ನೂ ತಾನೇ ತಂದಿದ್ದಳು. ಅಕ್ಕಿ ಕೊಟ್ಟೆ, ಆದರೆ ಅಳೆದು ಕೊಡುವಾಗ ನನ್ನ ಕೈ ಒಂದು ಕ್ಷಣ ತಡೆಯಿತು. ನಾಲ್ಕು ಬಾಯಿಗೆ ಲೆಕ್ಕ ಹಾಕಿ ತುಂಬಿಸಿದ್ದ ಡಬ್ಬ ಅದು. ಐದನೆಯವರು ಬಂದ ಕೂಡಲೇ ಲೆಕ್ಕ ನನ್ನನ್ನು ಹಿಂದಕ್ಕೆ ಎಳೆಯಿತು. ಆ ತಡೆದ ಕೈಯನ್ನು ನಾನು ಮರೆತಿಲ್ಲ. ಅಂದಿನಿಂದ ನನ್ನ ತರಗತಿಯ ಮೊದಲ ಪಾಠ ಇದೇ: ಸಾಮಾನು ತರುವಾಗಲೇ ಮನೆಯಲ್ಲಿ ಒಂದು ಬಾಯಿ ಹೆಚ್ಚಿಗೆ ಇದೆ ಎಂದು ಲೆಕ್ಕ ಹಾಕಿ. ಆಗ ಕೊಡುವುದು ನಿಮ್ಮ ಪಾಲಿನಿಂದ ಕಿತ್ತುಕೊಟ್ಟ ಹಾಗಾಗದು, ಅವರ ಪಾಲನ್ನು ಅವರಿಗೆ ಮುಟ್ಟಿಸಿದ ಹಾಗೆ.

ಈಗ ಲೆಕ್ಕ. ನಾಲ್ಕು ಜನರ ಮನೆ, ಐದು ಬಾಯಿ, 14 ದಿನ. ಒಬ್ಬರಿಗೆ ದಿನಕ್ಕೆ ಅಕ್ಕಿ ರಾಗಿ ಸೇರಿ 400 ಗ್ರಾಂ ಹಿಡಿದರೆ 28 ಕೆ.ಜಿ. ಬೇಳೆಕಾಳು 60 ಗ್ರಾಂ ಲೆಕ್ಕದಲ್ಲಿ 4 ಕೆ.ಜಿ. ಮೇಲೆ ಸ್ವಲ್ಪ, ಎಣ್ಣೆ 2 ಲೀಟರ್. ಉಪ್ಪು, ಬೆಲ್ಲ, ಹುಣಸೆಹಣ್ಣು, ಸಾರಿನ ಪುಡಿ ಹೇಗೂ ಇರುತ್ತವೆ. ಒಂದೇ ಸಲ ತರಬೇಡಿ; ವಾರಕ್ಕೆ ಎರಡು ಕೆ.ಜಿ. ಹೆಚ್ಚಿಗೆ ತಂದರೆ ಅಂಗಡಿಯವರಿಗೂ ಹೊರೆಯಾಗದು, ನಿಮ್ಮ ಕೈಗೂ ಹಗುರ. ರಾಗಿಯನ್ನು ಬಿಸಿಲಿಗೆ ಹಾಕಿ, ಆರಿದ ಮೇಲೆ ಡಬ್ಬಕ್ಕೆ ತುಂಬಿ, ನಡುನಡುವೆ ಒಣಗಿದ ಬೇವಿನ ಸೊಪ್ಪು ಇಡಿ. ಹಿಟ್ಟು ಮಾಡಿಸಿ ಇಡಬೇಡಿ, ಹಿಟ್ಟು ಬೇಗ ಮುಗ್ಗುತ್ತದೆ. ತೊಗರಿಬೇಳೆಗೆ ಹರಳೆಣ್ಣೆ ಸವರಿದರೆ ಹುಳ ದೂರ. ಹೊಸದನ್ನು ಕೆಳಗೆ ಹಾಕಿ ಹಳೆಯದನ್ನು ಮೇಲೆ ತಂದು, ಅದನ್ನೇ ಮೊದಲು ಬಳಸಿ. ತಿನ್ನದ ವಸ್ತುವನ್ನು ಆಪತ್ತಿಗೆಂದು ಕೊಂಡಿಡಬೇಡಿ. ಆಪತ್ತಿನ ದಿನ ಮಕ್ಕಳು ಹೊಸ ರುಚಿಗೆ ಬಾಯಿ ತೆರೆಯುವುದಿಲ್ಲ.

ನೀರಿನ ವಿಷಯದಲ್ಲಿ ಊರಿಗೆ ಹೊಸಬರು ಮೋಸ ಹೋಗುವುದು ಒಂದೇ ಕಡೆ. ಸಂಪು ತುಂಬಿರುತ್ತದೆ, ಕರೆಂಟು ಹೋಗಿರುತ್ತದೆ, ಮೋಟಾರು ಓಡುವುದಿಲ್ಲ. ಹಗ್ಗ ಕಟ್ಟಿದ ಒಂದು ಬಕೆಟ್ ಮನೆಯಲ್ಲಿರಲಿ. ಕುಡಿಯಲು, ಅಡಿಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರಿನಂತೆ, ಮೂರು ದಿನಕ್ಕೆ ಐದು ಬಾಯಿಗೆ 60 ಲೀಟರ್ ಮುಚ್ಚಿಟ್ಟ ಪಾತ್ರೆಯಲ್ಲಿರಬೇಕು. ಸ್ವಂತ ಮನೆಯವರು ಚಾವಣಿಯ ನೀರು ಹಿಡಿಯಿರಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮೈಸೂರಿನ ಮಳೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್. 30–40 ಸೈಟಿನಲ್ಲಿ 800 ಚದರಡಿ ಚಾವಣಿ ಇದ್ದರೆ, ಸೋರಿಹೋದದ್ದು ಕಳೆದೂ 45 ಸಾವಿರ ಲೀಟರ್ ಸಿಗುತ್ತದೆ. ಉಳಿದ ಮೂಲೆಯಲ್ಲಿ ಒಂದು ನುಗ್ಗೆ, ಒಂದು ಕರಿಬೇವು, ಬಸಳೆಯ ಬಳ್ಳಿ, ಕುಂಡದಲ್ಲಿ ದೊಡ್ಡಪತ್ರೆ. ಈರನಗೆರೆ ಬದನೆಯ ಸಸಿ ಸಿಕ್ಕರೆ ಬಿಡಬೇಡಿ, ಅದು ಈ ಊರಿನದೇ. ತುರ್ತು ಕರೆಯ 112 ಮತ್ತು ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆಗಳನ್ನು ಅಡಿಗೆಮನೆಯ ಗೋಡೆಗೆ ಬರೆದು ಅಂಟಿಸಿ. ಮೊಬೈಲಿನ ಚಾರ್ಜು ಹೋದಾಗ ಗೋಡೆ ಇರುತ್ತದೆ.

ಬೇರೆ ದೇಶಗಳಲ್ಲಿ ಕೆಲವು ಕ್ರೈಸ್ತರು ಪಟ್ಟಣ ಬಿಟ್ಟು, ಗುಡ್ಡದ ಮೇಲೆ ಒಂಟಿ ಮನೆ ಕಟ್ಟಿ, ವರ್ಷಗಳಿಗೆ ಸಾಕಾಗುವಷ್ಟು ಕೂಡಿಟ್ಟು ಬೇಲಿ ಹಾಕಿಕೊಳ್ಳುತ್ತಾರೆ. ಅವರ ಶ್ರಮದಿಂದ ಕಲಿಯುವುದು ಬಹಳ ಇದೆ. ಬೇಲಿ ಮಾತ್ರ ನನಗೆ ಒಪ್ಪಿಗೆಯಿಲ್ಲ. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ರಸ್ತೆ ಮುಳುಗಿದಾಗ ಜನಕ್ಕೆ ಬೇಕಾದದ್ದು ತೆರೆದ ಬಾಗಿಲು, ಒಣಗಿದ ಚಾಪೆ, ಬಿಸಿ ಅನ್ನ. ಮಿಜೋರಾಮಿನ ಕ್ರೈಸ್ತ ಹೆಂಗಸರು 1910ರಿಂದ ಒಂದು ಪದ್ಧತಿ ನಡೆಸಿಕೊಂಡು ಬಂದಿದ್ದಾರೆ. ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ಬೇರೆ ಎತ್ತಿಡುವುದು, ಅದನ್ನು ಕೂಡಿಸಿ ಸಭೆಗೆ ಕೊಡುವುದು. ನಮ್ಮಜ್ಜಿಗೆ ಮಿಜೋರಾಮ್ ಎಲ್ಲಿದೆ ಎಂದು ತಿಳಿದಿರಲಿಲ್ಲ. ಆದರೆ ಅವರೂ ಸೇರಿನಿಂದ ಅಳೆದ ಅಕ್ಕಿಯಲ್ಲಿ ಒಂದು ಹಿಡಿ ತೆಗೆದು ಒಲೆಯ ಪಕ್ಕದ ಕರಿ ಮಡಕೆಗೆ ಹಾಕುತ್ತಿದ್ದರು. ಶನಿವಾರ ಸಂಜೆ ಮಡಕೆ ಬೋರಲು ಬೀಳುತ್ತಿತ್ತು. ಯಾರ ಸೆರಗಿಗೆ ಬಿತ್ತು ಎಂದು ನಾವು ಮಕ್ಕಳು ಕೇಳುವ ಹಾಗಿರಲಿಲ್ಲ.

ನೀವು ಮೊದಲು ಅಂಗಡಿಗೆ ಹೋಗಬೇಡಿ. ಈ ವಾರ ನಿಮ್ಮ ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಬನ್ನಿ. ಒಬ್ಬಂಟಿ ವಯಸ್ಸಾದವರು ಎಲ್ಲಿದ್ದಾರೆ, ದಿನಗೂಲಿಯವರ ಮನೆ ಯಾವುದು, ಬಾಣಂತಿ ಯಾರ ಮನೆಯಲ್ಲಿದ್ದಾಳೆ, ಇನ್ಸುಲಿನ್ ತೆಗೆದುಕೊಳ್ಳುವವರು ಯಾರು, ವಿಚಾರಿಸಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅವರು ಯಾವ ಜಾತಿ, ಯಾವ ಧರ್ಮ ಎಂಬ ಕಾಲಂ ಆ ಚೀಟಿಯಲ್ಲಿ ಬೇಡ. ಬರುವ ಭಾನುವಾರ ಚೀಟಿ ತನ್ನಿ. ರಾಗಿ ಎಷ್ಟು ಕೆ.ಜಿ. ಎಂದು ಆಮೇಲೆ ಕೂತು ಲೆಕ್ಕ ಹಾಕೋಣ.