ಯಾವ ಲೈನು ಎಷ್ಟು ಯೂನಿಟ್ ಎಳೆಯುತ್ತದೆ?

ಪ್ರಶ್ನೆ: ಆಂಧ್ರದ ಮಡಕಶಿರದಲ್ಲಿ ನಮ್ಮದು ಮಹಡಿ ಮನೆ. ತಿಂಗಳಿಗೆ 250 ಯೂನಿಟ್ ಆಗುತ್ತಿದೆ. ಗೀಸರು, ಸಂಪಿನ ಮೋಟರು, ಅಡುಗೆಮನೆಗಳ ಖರ್ಚನ್ನು ಬೇರೆ ಬೇರೆಯಾಗಿ ತೋರಿಸುವ ಮಾನಿಟರ್ ಹಾಕಿಸಬೇಕೆಂದಿದ್ದೇವೆ. ಎಂಥದ್ದನ್ನು ಆರಿಸಬೇಕು?

ಉತ್ತರ: ಅಂಗಡಿಗೆ ಹೋಗುವ ಮೊದಲು ಡಿ.ಬಿ. ಬಾಕ್ಸಿನ ಬಾಗಿಲು ತೆಗೆದು ನೋಡಿ. ಗೀಸರಿಗೊಂದು, ಮೋಟರಿಗೊಂದು ಎಂಸಿಬಿ ಬೇರೆಯಾಗಿದ್ದರೆ ಮಾತ್ರ ಲೈನುವಾರು ಮಾನಿಟರಿನಿಂದ ಉಪಯೋಗ. ಹಳೆಯ ಎಷ್ಟೋ ಮನೆಗಳಲ್ಲಿ ಒಂದೇ ಮೇನ್ ಸ್ವಿಚ್ಚಿನ ತಂತಿ ಎಲ್ಲ ಕೋಣೆಗಳಿಗೂ ಹಾಯ್ದಿರುತ್ತದೆ. ಅಲ್ಲಿ ಪ್ರತ್ಯೇಕಿಸಿ ಅಳೆಯಲು ಜಾಗವೇ ಇಲ್ಲ. ಗೀಸರಿಗೆ 16 ಆಂಪಿಯರಿನ ಸ್ಮಾರ್ಟ್ ಪ್ಲಗ್ ಹಾಕಿದರೆ ಸಾಕು.

ಎಂಸಿಬಿಗಳು ಬೇರೆಯಾಗಿದ್ದರೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಮೀಟರಿನ ಕೆಂಪು ದೀಪ ಒಂದು ಯೂನಿಟ್ಟಿಗೆ ಎಷ್ಟು ಸಲ ಮಿನುಗುತ್ತದೆಂದು ಮೀಟರಿನ ಮೇಲೆಯೇ ಅಚ್ಚಾಗಿರುತ್ತದೆ. ಅದು 3200 ಎಂದುಕೊಳ್ಳಿ. ಇನ್ವರ್ಟರನ್ನೂ ಉಳಿದ ಎಂಸಿಬಿಗಳನ್ನೂ ಆರಿಸಿ, ಒಂದೇ ಲೈನು ಬಿಟ್ಟು ಎಣಿಸಿ. ನಿಮಿಷಕ್ಕೆ 32 ಸಲ ಮಿನುಗಿದರೆ ಆ ಲೈನು 600 ವ್ಯಾಟ್ ಎಳೆಯುತ್ತಿದೆ. ಹೊರೆ ಯಾವುದೆಂಬುದು ಒಂದು ಮಧ್ಯಾಹ್ನದಲ್ಲೇ ಗೊತ್ತಾಗುತ್ತದೆ. ದಿನವಿಡೀ ಹತ್ತಿ ಆರುವ ಫ್ರಿಜ್ಜು, ಮೋಟರುಗಳ ಲೆಕ್ಕಕ್ಕೆ ಮಾತ್ರ ಮಾನಿಟರೇ ಬೇಕು.

ಕೊಳ್ಳುವಾಗ ಒಂದು ವಿಷಯದಲ್ಲಿ ರಾಜಿ ಬೇಡ: ಕರೆಂಟಿನ ಜೊತೆಗೆ ವೋಲ್ಟೇಜನ್ನೂ ಅಳೆಯುವ ಯಂತ್ರವನ್ನೇ ಕೊಳ್ಳಿ. ಅಗ್ಗದವು ಆಂಪಿಯರನ್ನಷ್ಟೇ ಅಳೆದು, 230 ವೋಲ್ಟ್ ಎಂದು ಊಹಿಸಿ ಗುಣಿಸುತ್ತವೆ. ವೋಲ್ಟೇಜು 200ಕ್ಕೆ ಇಳಿದಾಗ ಆ ಲೆಕ್ಕ ಶೇ. 15ರಷ್ಟು ಉಬ್ಬುತ್ತದೆ. ಮೋಟರಿನಲ್ಲಂತೂ ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ಪವರ್ ಫ್ಯಾಕ್ಟರ್ 0.7 ಇದ್ದರೆ 5 ಆಂಪಿಯರ್ ಎಂದರೆ 805 ವ್ಯಾಟ್. ಅಗ್ಗದ ಯಂತ್ರ ತೋರಿಸುವುದು 1150. ಮೂರು ಫೇಸಿನ ಮನೆಯಾದರೆ ಮೂರೂ ಫೇಸುಗಳ ವೋಲ್ಟೇಜನ್ನು ನೀವು ಕೊಳ್ಳುವ ಯಂತ್ರ ಓದಬೇಕು.

ತಂತಿಯನ್ನು ಸುತ್ತುವ ಕ್ಲ್ಯಾಂಪನ್ನು ಫೇಸ್ ತಂತಿಗೆ ಮಾತ್ರ ಹಾಕಿಸಿ. ನ್ಯೂಟ್ರಲ್ಲೂ ಅದರೊಳಗೆ ಸೇರಿದರೆ ಎರಡರ ಕಾಂತಕ್ಷೇತ್ರಗಳು ಪರಸ್ಪರ ಕಳೆದುಹೋಗಿ ಸೊನ್ನೆ ಬರುತ್ತದೆ. 2000 ವ್ಯಾಟಿನ ಗೀಸರು ಎಳೆಯುವುದು 9 ಆಂಪಿಯರಿಗಿಂತ ಕಡಿಮೆ, ಅದಕ್ಕೆ 20 ಆಂಪಿಯರಿನ ಕ್ಲ್ಯಾಂಪು ಸಾಕು. 100 ಆಂಪಿಯರಿನದು ಸಣ್ಣ ಹೊರೆಗಳನ್ನು ಸರಿಯಾಗಿ ಹಿಡಿಯುವುದಿಲ್ಲ. ಇಂಟರ್ನೆಟ್ ಇಲ್ಲದಾಗಲೂ ಎಣಿಸುತ್ತದೆಯೇ, ಕರೆಂಟು ಹೋಗಿ ಬಂದ ಮೇಲೆ ಹಳೆಯ ಲೆಕ್ಕ ಉಳಿದಿರುತ್ತದೆಯೇ ಎಂದು ಕೇಳಿಯೇ ಹಣ ಕೊಡಿ.

ಎಲ್ಲ ಲೈನಿಗೂ ಹಾಕಿಸಬೇಕಿಲ್ಲ. ಗೀಸರು, ಮೋಟರು, ಫ್ರಿಜ್ಜಿರುವ ಅಡುಗೆಮನೆ, ಈ ಮೂರು ಸಾಕು. ಆಂಧ್ರದಲ್ಲಿ 2022ರಲ್ಲಿ ಪ್ರಕಟವಾದ ಮನೆಬಳಕೆ ದರದಲ್ಲಿ 126ರಿಂದ 225ನೇ ಯೂನಿಟ್‌ವರೆಗೆ ತಲಾ 6 ರೂಪಾಯಿ, ಅದರಾಚೆ 400ರವರೆಗೆ 8.75. ಉಳಿಸಿದ ಯೂನಿಟ್ಟು ಯಾವಾಗಲೂ ಮೇಲಿನ ಹಂತದಿಂದ ಕಳೆಯುತ್ತದೆ. ದಿನಕ್ಕೆ ಅರ್ಧ ಗಂಟೆ ಗೀಸರು ಕಡಿಮೆ ಉರಿದರೆ ತಿಂಗಳಿಗೆ 30 ಯೂನಿಟ್ ಉಳಿತಾಯ. ನಿಮ್ಮ 250ರ ಬಿಲ್ಲಿನಲ್ಲಿ ಅದು ಸುಮಾರು 249 ರೂಪಾಯಿ. 100 ಯೂನಿಟ್ ಸುಡುವ ಮನೆಯಲ್ಲಿ 127 ರೂಪಾಯಿ 50 ಪೈಸೆ ಅಷ್ಟೇ. ಇತರೆ ಶುಲ್ಕಗಳು ಇದರಲ್ಲಿ ಸೇರಿಲ್ಲ. ಮಾನಿಟರಿನ ಬೆಲೆಯನ್ನು ಈ ಉಳಿತಾಯದಿಂದ ಭಾಗಿಸಿ, ಎಷ್ಟು ತಿಂಗಳಲ್ಲಿ ಹಣ ಹುಟ್ಟುತ್ತದೆಂದು ನೋಡಿ. ಜೋಡಿಸುವ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ನಿಗೇ ಬಿಡಿ: ಮನೆಯ ಮೇನ್ ಆರಿಸಿದರೂ ಮೀಟರಿನಿಂದ ಬಂದು ಅದಕ್ಕೆ ಸೇರುವ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ.