ಮತಗಟ್ಟೆಗೆ ಬರುವ ಮೊದಲೇ ಕಳೆಯುವ ಮತ

ಬೀದರ್, ಭಾಲ್ಕಿ, ಔರಾದ್ ತಾಲ್ಲೂಕುಗಳ ಶಾಲೆಗಳಲ್ಲಿ ಮಾಸ್ತರಿಕೆ ಮಾಡುತ್ತ, ಚುನಾವಣೆ ಬಂದಾಗ ಪಿಆರ್‌ಒ (ಮತಗಟ್ಟೆಯ ಅಧ್ಯಕ್ಷಾಧಿಕಾರಿ) ಆಗಿ ಮತಗಟ್ಟೆಯಲ್ಲಿ ಕೂತವನು ನಾನು. ನಡುವೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸವೂ ಹೆಗಲಿಗೆ ಬಿತ್ತು. ಲೋಕಸಭೆ ಚುನಾವಣೆ ಮುಗಿದ ಮೇಲೆ ಚಹಾದಂಗಡಿಯ ವಾದವೆಲ್ಲ ಮತಯಂತ್ರದ ಸುತ್ತ ನಡೆಯುತ್ತದೆ. ನಮ್ಮ ಭಾಗದಲ್ಲಿ ಮತ ಕಳೆದುಹೋಗುವುದನ್ನು ನಾನು ಕಂಡದ್ದು ಬೇರೆ ಕಡೆ: ಪಟ್ಟಿಯಲ್ಲಿ, ತಾರೀಖಿನಲ್ಲಿ, ಹೈದರಾಬಾದಿನಿಂದ ಊರಿಗೆ ಬರುವ ದಾರಿಯಲ್ಲಿ. ಹೊಸದಾಗಿ ಬಿಎಲ್‌ಒ ಆಗುವ ಮಾಸ್ತರರಿಗೂ ಅಂಗನವಾಡಿ ಅಕ್ಕಂದಿರಿಗೂ ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆದಿಡುತ್ತಿದ್ದೇನೆ.

1. ಯಂತ್ರಕ್ಕೆ ಕಾವಲು ಬಹಳ, ಪಟ್ಟಿಗೆ ಇಲ್ಲ

ಮತದಾನದ ದಿನ ಬೆಳಗಿನ ಐದೂವರೆಗೆ ಏಜೆಂಟರನ್ನು ಎದುರು ಕೂರಿಸಿಕೊಂಡು ಕನಿಷ್ಠ 50 ಅಣಕು ಮತ ಹಾಕಿಸುತ್ತೇವೆ. ಎಣಿಸಿ, ವಿವಿಪ್ಯಾಟ್ ಚೀಟಿಯ ಜೊತೆ ತಾಳೆ ನೋಡಿ, ಕ್ಲಿಯರ್ ಒತ್ತಿ, ಸೀಲು ಹಾಕುತ್ತೇವೆ. ಎಣಿಕೆಯ ದಿನ ಪ್ರತಿ ವಿಧಾನಸಭಾ ಕ್ಷೇತ್ರದ 5 ಮತಗಟ್ಟೆಗಳ ಚೀಟಿ ಎಣಿಸುವ ನಿಯಮವಿದೆ. ಬೀದರ್ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿರುವುದರಿಂದ 40 ಮತಗಟ್ಟೆಗಳಾದವು. ಈ ತಾಳೆ ಇನ್ನೂ ಹೆಚ್ಚಬೇಕು ಎನ್ನುವವರ ಮೇಲೆ ನನ್ನ ತಕರಾರಿಲ್ಲ. ಆದರೆ ಕರಡು ಮತದಾರರ ಪಟ್ಟಿಯನ್ನು ಬೆರಳಿಟ್ಟು ಸಾಲುಸಾಲಾಗಿ ಓದುವ ಏಜೆಂಟರು ಎಷ್ಟು ಜನ? ಪ್ರತಿ ಮತಗಟ್ಟೆಗೂ ಪಕ್ಷಗಳು ಬಿಎಲ್‌ಎ (ಮತಗಟ್ಟೆ ಮಟ್ಟದ ಏಜೆಂಟ್) ನೇಮಿಸಬಹುದು. ಹೆಚ್ಚಿನ ಕಡೆ ಆ ಹೆಸರು ಕಾಗದದಲ್ಲಿ ಮಾತ್ರ ಇರುತ್ತದೆ.

2. ಕೀಲಿ ಹಾಕಿದ ಮನೆ ಎಂದರೆ ಊರು ಬಿಟ್ಟವರ ಮನೆಯಲ್ಲ

ಇದು ಎಲ್ಲಕ್ಕಿಂತ ದೊಡ್ಡದು. ರಾಶಿ ಮುಗಿದರೆ ಔರಾದ್ ಕಡೆಯ ತಾಂಡಾಗಳಲ್ಲಿ ಅರ್ಧ ಮನೆಗಳಿಗೆ ಕೀಲಿ ಬೀಳುತ್ತದೆ. ಗಂಡ, ಹೆಂಡತಿ, ಕೈಗೂಸು ಹೈದರಾಬಾದಿನ ಕಟ್ಟಡ ಕೆಲಸಕ್ಕೋ ಪುಣೆಗೋ ಕಬ್ಬು ಕಡಿಯಲಿಕ್ಕೋ ಹೊರಡುತ್ತಾರೆ. ಮನೆ ಕಾಯಲು ಉಳಿಯುವುದು ಮುದುಕಿ. ಲೋಕಸಭೆ ಚುನಾವಣೆ ಬರುವುದೂ ಇದೇ ಬ್ಯಾಸಿಗೆಯಲ್ಲಿ.

ಪರಿಶೀಲನೆಗೆ ಹೋದ ಬಿಎಲ್‌ಒ ಕೀಲಿ ನೋಡಿ 'ಸ್ಥಳಾಂತರ' ಎಂದು ಬರೆದುಬಿಟ್ಟರೆ ಆ ಮನೆಯ ಮತ ಹೋಯಿತು. 1950ರ ಜನಪ್ರತಿನಿಧಿ ಕಾಯ್ದೆಯ 20ನೇ ಕಲಂ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ: ತಾತ್ಕಾಲಿಕವಾಗಿ ಹೊರಗೆ ಹೋದವರು ಅದೊಂದೇ ಕಾರಣಕ್ಕೆ ಅಲ್ಲಿಯ ನಿವಾಸಿಯಲ್ಲದವರಾಗುವುದಿಲ್ಲ. ಊರಲ್ಲಿ ಬರೀ ಮನೆ ಇದ್ದ ಮಾತ್ರಕ್ಕೆ ನಿವಾಸಿಯಾಗುವುದಿಲ್ಲ ಎಂದೂ ಅದೇ ಕಲಂ ಹೇಳುತ್ತದೆ. ಆದ್ದರಿಂದ ಬಾಗಿಲು ನೋಡಿ ತೀರ್ಮಾನಿಸಬಾರದು, ಕೇಳಬೇಕು. "ಯಾವಾಗ ಬರ್ತಾರ್ರೀ ಅವ್ವಾ?" ಅಂದರೆ "ಮುಂಗಾರಿಗೆ ಬರ್ತಾರ, ಬಿತ್ತಬೇಕಲ್ಲ" ಎಂಬ ಉತ್ತರ ಸಿಗುತ್ತದೆ. ಬಿತ್ತಲು ಬರುವವರು ಈ ಊರಿನವರೇ.

ಬಿಹಾರದಲ್ಲಿ 2025ರಲ್ಲಿ ನಡೆದ ವಿಶೇಷ ತೀವ್ರ ಪರಿಷ್ಕರಣೆಯ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರುಗಳು ಬಿಟ್ಟುಹೋದವು. ಸತ್ತವರಿಗಿಂತ 'ಸ್ಥಳಾಂತರ'ಗೊಂಡವರೆಂದು ತೋರಿಸಿದವರ ಸಂಖ್ಯೆಯೇ ಹೆಚ್ಚಿತ್ತು. ಬಿಟ್ಟ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಹೇಳಬೇಕಾಯಿತು. ಕರ್ನಾಟಕದಲ್ಲಿ ಇಂಥ ತೀವ್ರ ಪರಿಷ್ಕರಣೆ ಹಿಂದೆ ನಡೆದದ್ದು 2002ರಲ್ಲಿ. ಅಂದಿನ ಪಟ್ಟಿಯಲ್ಲಿ ತಂದೆತಾಯಿಯ ಹೆಸರು ಹುಡುಕಿಕೊಡಿ ಎಂದು ಪುಣೆಯ ಶೆಡ್ಡಿನಲ್ಲಿರುವ ಕೂಲಿಕಾರನಿಗೆ ಹೇಳಿದರೆ ಅವನು ಎಲ್ಲಿಂದ ತರಬೇಕು? ಅದನ್ನು ಹುಡುಕಿಕೊಡುವ ಕೆಲಸ ನಮ್ಮದು.

3. ರಜೆ ಕೊಟ್ಟ ಊರು ಬೇರೆ, ಮತ ಇರುವ ಊರು ಬೇರೆ

2024ರಲ್ಲಿ ಬೀದರಿನಲ್ಲಿ ಮತದಾನ ಮೇ 7ಕ್ಕೆ. ನಮ್ಮ ಜನ ದುಡಿಯುವ ಊರುಗಳ ತಾರೀಖು ನೋಡಿ: ಬೆಂಗಳೂರು ಏಪ್ರಿಲ್ 26, ಹೈದರಾಬಾದ್ ಮತ್ತು ಪುಣೆ ಮೇ 13, ಮುಂಬೈ ಮೇ 20. ನಾಲ್ಕೂ ಕಡೆ ಮೇ 7 ಕೆಲಸದ ದಿನ.

ಮತ ಇರುವ ನೌಕರನಿಗೆ ಆ ದಿನ ಸಂಬಳಸಹಿತ ರಜೆ ಕೊಡಬೇಕು ಎಂದು 1951ರ ಜನಪ್ರತಿನಿಧಿ ಕಾಯ್ದೆಯ 135ಬಿ ಕಲಂ ಹೇಳುತ್ತದೆ, ದಿನಗೂಲಿಯವರನ್ನೂ ಅದು ಬಿಟ್ಟಿಲ್ಲ. ಹೈದರಾಬಾದಿನ ಮೇಸ್ತ್ರಿಗೆ ಈ ಕಲಂ ಹೇಳುವವರು ಯಾರು? ಹೋಗಿಬರಲು ಎರಡು ದಿನ ಬೇಕು, ಎರಡು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ. ಗಂಡ ಹೆಂಡತಿ ಇಬ್ಬರೂ ಬಂದರೆ ಎಲ್ಲ ಇಮ್ಮಡಿ. ಬಾರದವರನ್ನು ಸೋಮಾರಿಗಳು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಏಳು ಹಂತಗಳ ಚುನಾವಣೆಗೆ ಭದ್ರತೆಯ ಕಾರಣ ಕೊಡುತ್ತಾರೆ. ಅರ್ಥವಾಗುತ್ತದೆ. ಆದರೆ ಹಂತ ಜೋಡಿಸುವಾಗ ಎಷ್ಟು ಪೊಲೀಸರು ಬೇಕು ಎಂಬುದರ ಜೊತೆಗೆ ಯಾವ ಜಿಲ್ಲೆಯ ಜನ ಯಾವ ನಗರದಲ್ಲಿ ದುಡಿಯುತ್ತಾರೆ ಎಂಬ ಲೆಕ್ಕವೂ ಬೇಕು. ಬೀದರ್ ಮತ್ತು ಹೈದರಾಬಾದಿಗೆ ಒಂದೇ ದಿನ ಮತದಾನವಾದರೆ ಕನಿಷ್ಠ ಆ ದಿನದ ರಜೆಯಾದರೂ ಕೈಗೆ ಸಿಗುತ್ತದೆ.

4. ಊರಿಗೆ ಕರೆತಂದವನ ಋಣ

ಸರ್ಕಾರ ಮಾಡದ್ದನ್ನು ಪಕ್ಷದವರು ಮಾಡುತ್ತಾರೆ. ಹಿಂದಿನ ರಾತ್ರಿ ಹೈದರಾಬಾದ್ ಕಡೆಯಿಂದ ಕ್ರೂಸರ್ ತುಂಬ ಜನ ಬಂದು ಇಳಿಯುತ್ತಾರೆ. ಮತದಾರರನ್ನು ಪುಕ್ಕಟೆ ಗಾಡಿಯಲ್ಲಿ ಕರೆತರುವುದು 1951ರ ಕಾಯ್ದೆಯ 123ನೇ ಕಲಮಿನ ಪ್ರಕಾರ ಭ್ರಷ್ಟಾಚಾರ. ಗಾಡಿ ಯಾರು ಕಳಿಸಿದರೋ ಅವರಿಗೇ ಮತ ಎಂಬ ಮಾತು ದಾರಿಯಲ್ಲೇ ಆಗಿರುತ್ತದೆ. ಒಳಗೆ ಗುಂಡಿ ಒತ್ತುವುದು ಗುಟ್ಟು ಎಂದು ನಾನು ಎಷ್ಟೇ ಹೇಳಿದರೂ ಋಣದ ಭಾರ ಆ ಮುಖಗಳಲ್ಲಿ ಕಾಣುತ್ತದೆ. ಈ ಗಾಡಿಗಳನ್ನು ಚೆಕ್‌ಪೋಸ್ಟಿನಲ್ಲಿ ಹಿಡಿದರೆ ತಪ್ಪಿಲ್ಲ. ಆದರೆ ಅಷ್ಟಕ್ಕೇ ನಿಂತರೆ ಆ ಬಡವನ ಮತ ಮತ್ತೆ ಹೈದರಾಬಾದಿನಲ್ಲೇ ಉಳಿಯುತ್ತದೆ.

5. ದಾರಿ ಇಲ್ಲ ಎನ್ನುವುದು ನಿಜವಲ್ಲ

ಗಡಿ ಕಾಯುವ ಸೈನಿಕನಿಗೆ ಮತಪತ್ರ ಆನ್‌ಲೈನಿನಲ್ಲಿ ಹೋಗುತ್ತದೆ. ಡ್ಯೂಟಿಯಲ್ಲಿರುವ ನಮಗೆ ಇಡಿಸಿ (ಚುನಾವಣಾ ಕರ್ತವ್ಯ ಪ್ರಮಾಣಪತ್ರ) ಇದೆ, ಅದನ್ನು ತೋರಿಸಿ ಕೂತಲ್ಲೇ ಮತ ಹಾಕುತ್ತೇವೆ. 85 ದಾಟಿದವರ ಮನೆಗೆ 2024ರಲ್ಲಿ ಮತಪೆಟ್ಟಿಗೆಯೇ ಹೋಯಿತು. ನಮ್ಮ ಭಾಗದಲ್ಲಿ ಒಬ್ಬ ಅಜ್ಜಿ ಮಂಚದ ಮೇಲೆ ಕೂತು ಮತ ಹಾಕಿ ನಮಗೆಲ್ಲ ಮಜ್ಜಿಗೆ ಕೊಡಿಸಿದರು, ಅಂಥ ಕೆಲಸ ಮಾಡಿದಾಗ ಈ ನೌಕರಿಯ ಮೇಲೆ ಅಭಿಮಾನ ಬರುತ್ತದೆ.

ವಲಸಿಗರಿಗೂ ಒಂದು ದಾರಿ ತೋರಿಸಲಾಗಿತ್ತು. ದೂರದ ಊರಿನಲ್ಲೇ ನಿಂತು ತನ್ನ ಕ್ಷೇತ್ರಕ್ಕೆ ಮತ ಹಾಕುವ ಯಂತ್ರದ ಮಾದರಿಯನ್ನು ಚುನಾವಣಾ ಆಯೋಗ 2022ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಒಂದೇ ಯಂತ್ರದಲ್ಲಿ 72 ಕ್ಷೇತ್ರ. 2023ರ ಜನವರಿ 16ಕ್ಕೆ ಪಕ್ಷಗಳ ಮುಂದಿಟ್ಟಾಗ ವಿರೋಧ ಬಂತು. ವಲಸಿಗ ಎಂದರೆ ಯಾರು, ದೂರದ ಮತಗಟ್ಟೆಯಲ್ಲಿ ಏಜೆಂಟರು ಯಾರು ಎಂದು ಅವರು ಕೇಳಿದ ಪ್ರಶ್ನೆಗಳು ಸರಿಯಾದವೇ. ಪ್ರಶ್ನೆಗೆ ಉತ್ತರ ಹುಡುಕದೆ ಮಾತನ್ನೇ ಕೈಬಿಟ್ಟದ್ದು ಸರಿಯಲ್ಲ. 2024ರ ಚುನಾವಣೆ ಹಳೆಯ ರೀತಿಯಲ್ಲೇ ನಡೆಯಿತು.

6. ಗಡಿಯ ಸೊಸೆಯಂದಿರು

ಉದಗೀರ, ದೇಗಲೂರ, ನಾರಾಯಣಖೇಡದ ಹೆಣ್ಣುಮಕ್ಕಳು ಭಾಲ್ಕಿ, ಔರಾದಿಗೆ ಸೊಸೆಯಾಗಿ ಬರುತ್ತಾರೆ, ನಮ್ಮವರು ಅಲ್ಲಿಗೆ ಹೋಗುತ್ತಾರೆ. ತವರಿನ ಪಟ್ಟಿಯಲ್ಲಿ ಹೆಸರು ಮರಾಠಿಯಲ್ಲೋ ತೆಲುಗಿನಲ್ಲೋ ಉಳಿದಿರುತ್ತದೆ, ಇಲ್ಲಿ ಕನ್ನಡದಲ್ಲಿ ಹೊಸದು ಸೇರುತ್ತದೆ. ಹೊಸ ಹೆಸರಿಗೆ ನಮೂನೆ 6, ಊರು ಬದಲಾದರೆ ನಮೂನೆ 8 ಎಂಬುದನ್ನು ಮದುವೆಯಾದ ಹುಡುಗಿಗೆ ಯಾರೂ ಹೇಳಿರುವುದಿಲ್ಲ.  ಮತದಾನದ ದಿನಗಳೂ ಬೇರೆಬೇರೆ: 2024ರಲ್ಲಿ ದೇಗಲೂರಿಗೆ ಏಪ್ರಿಲ್ 26, ಔರಾದಿಗೆ ಮೇ 7, ನಾರಾಯಣಖೇಡಕ್ಕೆ ಮೇ 13 ಮತದಾನ. ಎರಡು ಕಡೆ ಹೆಸರಿದ್ದವರ ಮೇಲೆ ಅನುಮಾನ ಬರುವುದು ಸಹಜ, ಎರಡು ಕಡೆ ಹೆಸರಿರುವುದು ಕಾನೂನಿಗೆ ವಿರುದ್ಧವೂ ಹೌದು. ಆದರೂ ಇವರಲ್ಲಿ ಬಹುಪಾಲು ಕಳ್ಳಮತದವರಲ್ಲ, ಸಂಬಂಧ ಬೆಳೆಸಿದ ಸಾಮಾನ್ಯರು.

ದೇಶದ ಮೊದಲ ಚುನಾವಣೆಯಲ್ಲಿ 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಹೆಣ್ಣುಮಕ್ಕಳ ಹೆಸರು ಪಟ್ಟಿಯಿಂದ ಬಿಟ್ಟುಹೋಗಿತ್ತು. ಅಂದಿನಿಂದ ಇಂದಿನವರೆಗೆ ಪಟ್ಟಿ ತಪ್ಪಿದಾಗ ಮೊದಲು ಹೋಗುವುದು ಹೆಣ್ಣಿನ ಹೆಸರೇ. ಮನೆಗೆ ಹೋದರೆ ಯಜಮಾನನನ್ನು ಕೇಳಿ ಬರಬೇಡಿ, ಸೊಸೆಯನ್ನು ಕರೆದು ಕೇಳಿ.

7. ಆಳಂದವನ್ನು ಮರೆಯಬೇಡಿ

ಆಳಂದ ಇರುವುದು ಕಲಬುರಗಿ ಜಿಲ್ಲೆಯಲ್ಲಿ, ಆದರೆ ಲೋಕಸಭೆಗೆ ನಮ್ಮ ಬೀದರ್ ಕ್ಷೇತ್ರ. ಅಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುನ್ನ ಹೆಸರು ತೆಗೆಯಲು ಆನ್‌ಲೈನಿನಲ್ಲಿ 6,018 ನಮೂನೆ 7 ಅರ್ಜಿಗಳು ಬಂದವು. ಮನೆಮನೆಗೆ ಹೋಗಿ ನೋಡಿದಾಗ ಸರಿಯಿದ್ದದ್ದು 24, ಉಳಿದ 5,994 ತಿರಸ್ಕೃತವಾದವು. 2023ರ ಫೆಬ್ರುವರಿಯಲ್ಲಿ ಪೊಲೀಸ್ ದೂರು ದಾಖಲಾಯಿತು, 2025ರಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ (ಎಸ್‌ಐಟಿ) ರಚಿಸಿತು.

ರಾಜಕೀಯದವರು ಇದನ್ನು ತಮಗೆ ಬೇಕಾದಂತೆ ಓದಿಕೊಳ್ಳಲಿ. ನನಗೆ ಕಾಣುವುದು ಇಷ್ಟು: ಸಾವಿರಾರು ಮತಗಳು ಉಳಿದದ್ದು ಬಿಎಲ್‌ಒಗಳು ಬಿಸಿಲಲ್ಲಿ ನಡೆದು ಬಾಗಿಲು ತಟ್ಟಿದ್ದರಿಂದ. ಮೊಬೈಲಿನಲ್ಲಿ ಬಂದ ಅರ್ಜಿಗೆ ಮೊಬೈಲಿನಲ್ಲೇ ಟಿಕ್ ಹಾಕಿದ್ದರೆ? ಯಾರ ಹೆಸರು ತೆಗೆಯಬೇಕೆಂದು ಅರ್ಜಿ ಬಂದಿದೆಯೋ ಅವರನ್ನೂ, ಅರ್ಜಿ ಹಾಕಿದವರೆಂದು ತೋರಿಸಿದವರನ್ನೂ ಮುಖ ನೋಡಿ ಕೇಳಿ.

8. ಮತಗಟ್ಟೆಯಿಂದ ಸುಮ್ಮನೆ ಮರಳಬೇಡಿ

ಇದು ಮತದಾರರಿಗೆ. ನಿಮ್ಮ ಹೆಸರಿನಲ್ಲಿ ಬೇರೆಯವರು ಮತ ಹಾಕಿ ಹೋಗಿದ್ದರೆ ಟೆಂಡರ್ ಮತ ಕೇಳಿ, ಅದು ದಾಖಲೆಯಾಗುತ್ತದೆ. ಎಎಸ್‌ಡಿ (ಗೈರು, ಸ್ಥಳಾಂತರ, ಮೃತ) ಪಟ್ಟಿಯಲ್ಲಿ ಹೆಸರಿದ್ದರೂ ಗುರುತು ತೋರಿಸಿ ಮತ ಹಾಕಬಹುದು. ಉದ್ಯೋಗ ಖಾತ್ರಿಯ ಜಾಬ್ ಕಾರ್ಡೂ ನಡೆಯುತ್ತದೆ. ಏಜೆಂಟರೇ, ಸಂಜೆ ಆರಕ್ಕೆ ಮೊದಲು ಎದ್ದು ಹೋಗಬೇಡಿ. ಬಿದ್ದ ಮತಗಳ ಲೆಕ್ಕವಿರುವ 17ಸಿ ನಮೂನೆಯ ಸಹಿ ಮಾಡಿದ ಪ್ರತಿ ನಿಮ್ಮ ಹಕ್ಕು. 2024ರಲ್ಲಿ ನಮ್ಮ ಯಂತ್ರಗಳು ಮೇ 7ರಿಂದ ಜೂನ್ 4ರವರೆಗೆ 28 ದಿನ ಭದ್ರತಾ ಕೋಣೆಯಲ್ಲಿದ್ದವು. ಅಷ್ಟು ದಿನದ ಅನುಮಾನಕ್ಕೆ ಉತ್ತರ ಕೊಡುವುದು ಆ ಒಂದು ಹಾಳೆ.

9. ಶೇಕಡಾವಾರು ನೋಡಿ ಊರನ್ನು ಬೈಯಬೇಡಿ

ಮತದಾನ ಕಡಿಮೆಯಾದ ಊರುಗಳಲ್ಲಿ ಮುಂದಿನ ಸಲ ಜಾಥಾ, ರಂಗೋಲಿ, ಮಕ್ಕಳ ಘೋಷಣೆ ನಡೆಯುತ್ತವೆ. ಶೇಕಡಾ ಲೆಕ್ಕದಲ್ಲಿ ಸತ್ತವರು, ಎರಡು ಕಡೆ ಹೆಸರಿದ್ದವರು, ಪುಣೆಯಲ್ಲಿ ಇಟ್ಟಿಗೆ ಹೊರುತ್ತಿರುವವರು ಎಲ್ಲರೂ ಸೇರಿದ್ದಾರೆ. ಜಾಥಾಕ್ಕಿಂತ ಮೊದಲು ಎಎಸ್‌ಡಿ ಪಟ್ಟಿಯನ್ನು ವಾರ್ಡ್ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. "ಅವ ಸತ್ತು ಮೂರು ವರ್ಷ ಆತಲ್ರೀ", "ಆಕಿ ಇಲ್ಲೇ ಇದ್ದಾಳ್ರೀ" ಎಂದು ಜನ ತಾವೇ ತಿದ್ದುತ್ತಾರೆ. ಈಗ ಹೆಸರು ಸೇರಿಸಲು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 ಎಂದು ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ. ಔರಾದಿನ ತಾಂಡಾಗಳಲ್ಲಿ ಈ ಓದು ಜುಲೈಯಲ್ಲಿ ಆಗಬೇಕು. ಆಗ ಎಲ್ಲರೂ ಬಿತ್ತನೆಗೆ ಬಂದಿರುತ್ತಾರೆ, ಮನೆಗಳ ಬಾಗಿಲು ತೆರೆದಿರುತ್ತವೆ.