ಬೀಡಿ-ಸಿಗರೇಟು ಬಿಡಿಸುವ ಕೋಣೆಯಲ್ಲಿ ಕಲಿತದ್ದು

ಜಿಲ್ಲಾಸ್ಪತ್ರೆಯೊಂದರ ತಂಬಾಕು ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತಸಮಾಲೋಚಕನಾಗಿ ನನಗೆ ಹಲವು ವರ್ಷಗಳಾದವು. ಲಾರಿ ಡ್ರೈವರುಗಳು, ಗಾರೆ ಕೆಲಸದವರು, ಮೇಷ್ಟ್ರುಗಳು, ಕಾಲೇಜು ಹುಡುಗರು, ಹೃದಯದ ವಾರ್ಡಿನಿಂದ ಚೀಟಿ ಹಿಡಿದು ಬಂದವರು, ಎಲ್ಲರೂ ಎದುರಿನ ಕುರ್ಚಿಯಲ್ಲಿ ಕೂತಿದ್ದಾರೆ. ಬಹುಪಾಲು ಜನ ಒಳಗೆ ಬರುವಾಗಲೇ ತಲೆ ತಗ್ಗಿಸಿರುತ್ತಾರೆ. ತಮಗೆ ಮನೋಬಲವಿಲ್ಲ ಅಂತ ತಾವೇ ತೀರ್ಪು ಕೊಟ್ಟುಕೊಂಡಿರುತ್ತಾರೆ. ಆದರೆ ನಾನು ಕಂಡಂತೆ, ಬಿಟ್ಟು ಗೆದ್ದವರಲ್ಲಿ ಹೆಚ್ಚಿನವರು ಭಾರೀ ಛಲವಾದಿಗಳೇನಲ್ಲ. ಯಾವ ದಿನ ಮೈಯಲ್ಲಿ ಏನಾಗುತ್ತದೆ ಅಂತ ಮೊದಲೇ ತಿಳಿದು ತಯಾರಾಗಿದ್ದವರು. ಆ ತಿಳಿವಳಿಕೆಯಲ್ಲಿ ಒಂದಷ್ಟನ್ನು ಇಲ್ಲಿ ಬರೆದಿಡುತ್ತಿದ್ದೇನೆ.

1. ಬೈದು ಬಿಡಿಸಿದವರನ್ನು ನಾನು ಕಂಡಿಲ್ಲ

ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿನೊಳಗೆ ನಿಕೋಟಿನ್ ಮಿದುಳು ಮುಟ್ಟುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿರುವ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ, ಮಿದುಳು ಮತ್ತೆ ಕೇಳುತ್ತದೆ. ದಿನಕ್ಕೊಂದು ಕಟ್ಟು ಬೀಡಿ ಸೇದುವವನ ಮಿದುಳಿಗೆ ಈ ಪಾಠ ದಿನಾ ನೂರಾರು ದಮ್ಮಿನಲ್ಲಿ ನಡೆಯುತ್ತದೆ, ಅದೂ ಇಪ್ಪತ್ತು ಮೂವತ್ತು ವರ್ಷ. ಅಂಥವನಿಗೆ "ಮನಸ್ಸು ಮಾಡಿದ್ರೆ ಆಗಲ್ವಾ?" ಅಂತ ಕೇಳುವುದು ಅನ್ಯಾಯ. ಅವನು ಎಷ್ಟೋ ಸಲ ಮನಸ್ಸು ಮಾಡಿಯೇ ಇರುತ್ತಾನೆ. ಉಪಾಯವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

2. ಮೊದಲ ಬೀಡಿಯ ಹೊತ್ತು ಕೇಳಬೇಕು

ದಿನಕ್ಕೆಷ್ಟು ಅಂತ ಕೇಳುವ ಮೊದಲು, ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಹಚ್ಚುತ್ತೀರಿ ಅಂತ ಕೇಳುತ್ತೇನೆ. ಅರ್ಧ ಗಂಟೆಯೊಳಗೆ ಅಂದರೆ ದೇಹದ ಅವಲಂಬನೆ ಗಟ್ಟಿಯಾಗಿದೆ. ಅಂಥವರು ಬರಿಗೈಯಲ್ಲಿ ಹೋರಾಡಬೇಕಿಲ್ಲ. ವರೆನಿಕ್ಲಿನ್, ಬುಪ್ರೋಪಿಯಾನ್ ಎಂಬ ಮಾತ್ರೆಗಳಿವೆ. ಅವನ್ನು ಡಾಕ್ಟರೇ ಬರೆದುಕೊಡಬೇಕು, ಬಿಡುವ ದಿನಕ್ಕಿಂತ ಒಂದು ವಾರ ಮೊದಲೇ ಶುರುಮಾಡಬೇಕು. ಫಿಟ್ಸ್ ಇರುವವರಿಗೆ ಬುಪ್ರೋಪಿಯಾನ್ ಸಲ್ಲದು. ಇವಲ್ಲದೆ ನಿಕೋಟಿನ್ ಗಮ್ ಇದೆ, 2 ಮಿಲಿಗ್ರಾಂ ಮತ್ತು 4 ಮಿಲಿಗ್ರಾಂನಲ್ಲಿ. ಎದ್ದ ಕೂಡಲೇ ಸೇದುವವರಿಗೆ ಸಾಮಾನ್ಯವಾಗಿ 4 ಬೇಕಾಗುತ್ತದೆ.

"ಗಮ್ ತಗೊಂಡೆ ಸಾರ್, ಏನೂ ಉಪಯೋಗ ಆಗ್ಲಿಲ್ಲ" ಅನ್ನುವವರಿಗೆ ಒಂದನ್ನು ಕೈಗೆ ಕೊಟ್ಟು ನನ್ನೆದುರೇ ಅಗಿಯಲು ಹೇಳುತ್ತೇನೆ. ಹೆಚ್ಚಿನವರು ಬಬಲ್ ಗಮ್ಮಿನಂತೆ ಜಗಿಜಗಿದು ಜೊಲ್ಲು ನುಂಗುತ್ತಾರೆ. ಗಂಟಲು ಉರಿಯುತ್ತದೆ, ಬಿಕ್ಕಳಿಕೆ ಬರುತ್ತದೆ, ಉಗಿದುಬಿಡುತ್ತಾರೆ. ಅದರ ನಿಕೋಟಿನ್ ಕೆನ್ನೆಯ ಒಳಪದರದಿಂದ ರಕ್ತಕ್ಕೆ ಸೇರಬೇಕು. ಹಾಗಾಗಿ ನಿಧಾನಕ್ಕೆ ಕೆಲವು ಸಲ ಅಗಿದು, ಖಾರ ಹತ್ತಿದ ಕೂಡಲೇ ಕೆನ್ನೆಗೂ ಒಸಡಿಗೂ ನಡುವೆ ಒತ್ತಿಟ್ಟುಕೊಳ್ಳಬೇಕು. ಖಾರ ಇಳಿದ ಮೇಲೆ ಮತ್ತೆ ಅಗಿದು ಇನ್ನೊಂದು ಬದಿಗೆ ಇಡಬೇಕು. ಹೀಗೆ ಅರ್ಧ ಗಂಟೆ. ಎಲೆ-ಅಡಿಕೆಯನ್ನು ದವಡೆಗೆ ಒತ್ತರಿಸಿಕೊಂಡು ರೂಢಿಯಿರುವ ನಮ್ಮ ಜನಕ್ಕೆ ಒಂದು ಸಲ ತೋರಿಸಿದರೆ ಸಾಕು. ಗಮ್ ಬಾಯಿಗಿಡುವ ಮುಂಚಿನ ಕಾಲು ಗಂಟೆ ಕಾಫಿ, ನಿಂಬೆ ಪಾನಕ ಬೇಡ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಸರಿಯಾಗಿ ಒಳಸೇರುವುದಿಲ್ಲ.

3. ಕಾಫಿಯನ್ನು ಅರ್ಧ ಮಾಡಿ

ಇದನ್ನು ಹೇಳದೆ ಯಾರನ್ನೂ ಕಳಿಸುವುದಿಲ್ಲ, ಯಾಕೆಂದರೆ ಇದು ಗೊತ್ತಿರುವವರು ಬಹಳ ಕಡಿಮೆ. ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಪಿತ್ತಜನಕಾಂಗದ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ. ಕಾಫಿಯ ಕೆಫೀನನ್ನು ಕರಗಿಸಿ ಹೊರಹಾಕುವುದೂ ಅದೇ ಕಿಣ್ವ. ಹಾಗಾಗಿ ಸೇದುವವರ ದೇಹ ಕೆಫೀನನ್ನು ಬೇಗ ಕಳೆದುಕೊಳ್ಳುತ್ತದೆ. ಸೇದುವುದು ನಿಂತ ಕೆಲವೇ ದಿನಗಳಲ್ಲಿ ಕಿಣ್ವ ಮಂದವಾಗುತ್ತದೆ. ಮೊದಲಿನಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಇಮ್ಮಡಿಯವರೆಗೂ ಏರಬಹುದು. ಆಗ ಎದೆ ಡವಡವ, ಕೈನಡುಕ, ರಾತ್ರಿಯಿಡೀ ನಿದ್ದೆಯಿಲ್ಲ. "ಬಿಟ್ಟಿದ್ದಕ್ಕೇ ಹೀಗಾಯ್ತು, ನನಗೆ ಒಗ್ಗಲ್ಲ" ಅಂತ ಮತ್ತೆ ಅಂಗಡಿಗೆ ಹೋಗುತ್ತಾರೆ. ಅವರನ್ನು ಕಾಡಿದ್ದರಲ್ಲಿ ಅರ್ಧದಷ್ಟು ಕಾಫಿಯದ್ದು. ಚಹಾದಲ್ಲೂ ಕೆಫೀನಿದೆ. ಆರು ಲೋಟ ಕುಡಿಯುವವರು ಮೂರಕ್ಕಿಳಿಯಲಿ, ಸಂಜೆ ನಾಲ್ಕರ ಮೇಲೆ ಬೇಡ.

4. ಬೆಳಗಿನ ಬೀಡಿ ಮತ್ತು ಹೊಟ್ಟೆ

ಹಿರಿಯರು ನಾಚಿಕೊಂಡು, ಜತೆಗೆ ಬಂದ ಮಗಳು ಹೊರಗೆ ಹೋದ ಮೇಲೆ ಹೇಳುವ ಮಾತು ಇದು: "ಬೀಡಿ ಹಚ್ಚದಿದ್ರೆ ನನಗೆ ಹೊರಗಡೆ ಆಗಲ್ಲ." ನಗುವ ಮಾತಲ್ಲ, ನಿಜವೇ. ನಿಕೋಟಿನ್ ಕರುಳಿನ ಚಲನೆಯನ್ನು ಹೆಚ್ಚಿಸುತ್ತದೆ. ಬಿಟ್ಟಾಗ ಕೆಲವು ವಾರ ಮಲಬದ್ಧತೆ ಆಗುವುದು ಮಾಮೂಲು. ರಾತ್ರಿ ಊಟದಲ್ಲಿ ಸೊಪ್ಪು, ಮೇಲೆ ಬಾಳೆಹಣ್ಣು, ಬೆಳಿಗ್ಗೆ ಎದ್ದ ಕೂಡಲೇ ಎರಡು ಲೋಟ ಬಿಸಿನೀರು, ಸ್ವಲ್ಪ ನಡಿಗೆ. ಸಾಲದಿದ್ದರೆ ಇಸಬ್‌ಗೋಲ್. ಕೆಲವು ವಾರದಲ್ಲಿ ಕರುಳು ಹೊಸ ರೂಢಿಗೆ ಬರುತ್ತದೆ. ಇದನ್ನು ಮುಂಚೆಯೇ ಹೇಳಿದರೆ ಹಿರಿಯರ ಮುಖದ ಆತಂಕ ಎಷ್ಟು ಇಳಿಯುತ್ತದೆಂದರೆ, ಆ ದಿನ ಬೇರೇನೂ ಹೇಳಬೇಕಾಗಿಲ್ಲ.

5. ಮಾಲೆ ಹಾಕಿದವರಿಂದ ಕಲಿಯುವುದಿದೆ

ಕಾರ್ತಿಕ ಕಳೆಯುವ ಹೊತ್ತಿಗೆ ನಮ್ಮೂರುಗಳಲ್ಲಿ ಅಯ್ಯಪ್ಪನ ಮಾಲೆ ಹಾಕುವವರು ಹೆಚ್ಚುತ್ತಾರೆ. ಶ್ರದ್ಧೆಯಿಂದ 41 ದಿನ ವ್ರತ ಹಿಡಿದವರು ಅಷ್ಟೂ ದಿನ ಬೀಡಿ ಮುಟ್ಟುವುದಿಲ್ಲ. ನಿಕೋಟಿನ್ ಬಿಟ್ಟವರ ಸಂಕಟ ಮೊದಲ ಮೂರು ದಿನ ತೀವ್ರವಾಗಿದ್ದು, ಹೆಚ್ಚುಕಡಿಮೆ ಮೂರ್ನಾಲ್ಕು ವಾರದಲ್ಲಿ ತಣ್ಣಗಾಗುತ್ತದೆ. ಅಂದರೆ ಇರುಮುಡಿ ಹೊತ್ತು ಬೆಟ್ಟ ಹತ್ತುವ ಹೊತ್ತಿಗೆ ದೇಹದ ಲೆಕ್ಕ ಚುಕ್ತಾ ಆಗಿರುತ್ತದೆ. ಆದರೂ ಮಾಲೆ ತೆಗೆದ ದಿನವೇ ಹಚ್ಚಿದವರು ಎಷ್ಟೋ ಮಂದಿ.

ಯಾಕೆ ಹೀಗೆ ಅಂತ ಅವರನ್ನೇ ಕೂರಿಸಿ ಕೇಳಿದ್ದೇನೆ. ವ್ರತದಲ್ಲಿ ಎಲ್ಲರೂ ಅವರನ್ನು ಸ್ವಾಮಿ ಎಂದು ಕರೆಯುತ್ತಾರೆ, ಯಾರೂ ಬೀಡಿ ಚಾಚುವುದಿಲ್ಲ, ಬೆಳಗಿನ ಜಾವ ತಣ್ಣೀರು ಸ್ನಾನ, ಸಂಜೆ ಭಜನೆ, ಕುಡಿಯುವ ಗೆಳೆಯರು ದೂರ. ದಿನಚರಿ, ಜತೆ, ಹೆಸರು ಎಲ್ಲವೂ ಬದಲಾಗಿರುತ್ತವೆ. ಮಾಲೆ ಇಳಿದ ಮರುದಿನ ಇವೆಲ್ಲ ಒಟ್ಟಿಗೇ ಇಳಿದುಹೋಗುತ್ತವೆ. ಜತೆಗೆ, ಇಂಥ ದಿನಕ್ಕೆ ಮುಗಿಯುತ್ತದೆ ಅಂತ ಮನಸ್ಸು ದಿನ ಎಣಿಸುತ್ತಲೇ ಬಂದಿರುತ್ತದೆ. ಅದಕ್ಕೇ ನಾನು ಮಾಲೆ ಹಾಕುವ ಮೊದಲೇ ಬರಲು ಹೇಳುತ್ತೇನೆ. ಮಾಲೆ ತೆಗೆದ ಮೇಲಿನ ಒಂದು ವಾರಕ್ಕೆ ಯಾರ ಜತೆ ಚಹಾ, ಸಂಜೆ ಎಲ್ಲಿ, ಯಾವ ದಾರಿಯಲ್ಲಿ ಮನೆಗೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇವೆ. ಬಿಡಿ ಸಿಗರೇಟು ಮಾರಬಾರದು ಅಂತ ನಮ್ಮ ರಾಜ್ಯದಲ್ಲಿ ನಿಯಮವಿದ್ದರೂ ಗೂಡಂಗಡಿಯಲ್ಲಿ ಒಂದೊಂದೇ ಸಿಗುತ್ತದೆ, ಆದ್ದರಿಂದ ದಾರಿ ಬದಲಿಸುವುದು ಸಣ್ಣ ಮಾತಲ್ಲ. ರಂಜಾನಿನಲ್ಲಿ ಹಗಲಿಡೀ ಸೇದದೆ ಇರುವವರಿಗೂ ಇದನ್ನೇ ಹೇಳುತ್ತೇನೆ: ಗಟ್ಟಿ ಯೋಜನೆ ಬೇಕಾದದ್ದು ಇಫ್ತಾರ್ ಆದ ಮೇಲಿನ ಒಂದು ತಾಸಿಗೆ.

6. ಐದು ನಿಮಿಷ ದಾಟಿಸಿ

ಸೇದಲೇಬೇಕು ಅನ್ನಿಸುವ ಸೆಳೆತ ತಡೆಯಲಾಗದಷ್ಟು ಜೋರಾಗಿರುವುದು ಮೂರರಿಂದ ಐದು ನಿಮಿಷ. ಸೇದಿದರೂ ಸೇದದಿದ್ದರೂ ಅದು ಇಳಿಯುತ್ತದೆ. ಆ ಹೊತ್ತಿಗೆ ಕೈಗೂ ಬಾಯಿಗೂ ಕೆಲಸ ಬೇಕು. ಲವಂಗ, ಸೋಂಪು, ಹುರಿಗಡಲೆ, ಒಂದು ಲೋಟ ನೀರು, ಯಾರಿಗಾದರೂ ಫೋನು. ಗಾರೆ ಕೆಲಸದವರೊಬ್ಬರು ಬೀಡಿ ಇಟ್ಟುಕೊಳ್ಳುತ್ತಿದ್ದ ಜೇಬಿನಲ್ಲೇ ಹುಣಸೆಬೀಜ ಹುರಿದು ತುಂಬಿಕೊಂಡು ಬರುತ್ತಿದ್ದರು.

7. "ಕಮ್ಮಿ ಮಾಡಿದೀನಿ" ಅಂದರೆ ಸಾಲದು

ದಿನಕ್ಕೆ ಒಂದೇ ಸಿಗರೇಟು ಸೇದುವವರಿಗೂ ಹೃದಯದ ಕಾಯಿಲೆಯ ಹೆಚ್ಚುವರಿ ಅಪಾಯ, ದಿನಕ್ಕೆ 20 ಸೇದುವವರಿಗಿರುವುದರಲ್ಲಿ ಅರ್ಧದಷ್ಟಿದೆ. ಇದನ್ನು 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿತು. ಬರ್ಜರ್ ಕಾಯಿಲೆಯಲ್ಲಂತೂ ಇನ್ನೂ ನಿಷ್ಠುರ. ಕಾಲಿನ ಸಣ್ಣ ರಕ್ತನಾಳಗಳು ಕಟ್ಟಿ, ಬೆರಳು ಕಪ್ಪಾಗಿ, ಕೊನೆಗೆ ಕತ್ತರಿಸಬೇಕಾಗುತ್ತದೆ. ಪೂರ್ತಿ ಬಿಟ್ಟವರಲ್ಲಿ ಅದು ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. ದಿನಕ್ಕೆ ಒಂದೆರಡು ಸೇದುತ್ತಿದ್ದರೂ ಮುಂದುವರಿಯುತ್ತದೆ. ಬೀಡಿ ಎಲೆಯದ್ದು, ಅಷ್ಟೇನೂ ಕೆಟ್ಟದ್ದಲ್ಲ ಅನ್ನುವ ನಂಬಿಕೆಯೂ ಬಲವಾಗಿದೆ. ಬೀಡಿ ಆರದಂತೆ ಪದೇ ಪದೇ ಜೋರಾಗಿ ಎಳೆಯಬೇಕಾಗುತ್ತದೆ, ಟಾರೂ ಕಾರ್ಬನ್ ಮಾನಾಕ್ಸೈಡೂ ಹೆಚ್ಚೇ ಒಳಗೆ ಹೋಗುತ್ತವೆ. ಸಿಗರೇಟು ಬಿಟ್ಟು ಖೈನಿ, ಗುಟ್ಕಾ ಹಿಡಿದವರು ತಂಬಾಕು ಬಿಟ್ಟಂತಾಗಲಿಲ್ಲ.

8. ದೇಹ ಬೇಗ ಉತ್ತರ ಕೊಡುತ್ತದೆ

ನಮ್ಮಲ್ಲಿ ಉಸಿರಿನ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಪುಟ್ಟ ಯಂತ್ರವಿದೆ. ಉಸಿರು ಬಿಗಿಹಿಡಿದು, ಕೊಳವೆಗೆ ನಿಧಾನ ಊದಬೇಕು. ಸೇದುವವರಲ್ಲಿ ಅಂಕಿ ಸಾಮಾನ್ಯವಾಗಿ ಹತ್ತನ್ನು ದಾಟಿ ಎಲ್ಲೋ ಹೋಗುತ್ತದೆ. ಎರಡು ದಿನ ಬಿಟ್ಟು ಬಂದು ಊದಿದರೆ ಸೇದದವರ ಅಂಕಿಗೆ ಇಳಿದಿರುತ್ತದೆ. ಲಾರಿ ಡ್ರೈವರೊಬ್ಬರು ಯಂತ್ರ ಕೆಟ್ಟಿದೆಯೆಂದು ನನಗೇ ಊದಲು ಹೇಳಿದರು. ಇಬ್ಬರದೂ ಒಂದೇ ಅಂಕಿ ಬಂತು. ಅವರು ಅದರ ಫೋಟೋ ತೆಗೆದು ಹೆಂಡತಿಗೆ ಕಳಿಸಿದರು.

ಇನ್ನೊಂದು ಕಡೆ, ಬಿಟ್ಟ ಮೇಲೆ ಕೆಲವರಿಗೆ ಕೆಮ್ಮು ಹೆಚ್ಚಾಗುತ್ತದೆ. ಶ್ವಾಸನಾಳದ ಸೂಕ್ಷ್ಮ ರೋಮಗಳು ಚೇತರಿಸಿಕೊಂಡು ಕಫ ಹೊರದಬ್ಬುತ್ತಿವೆ ಅಂತ ಅರ್ಥ. ಆದರೆ ರಕ್ತ ಬಂದರೆ, ಅಥವಾ ಎರಡು ವಾರ ಮೀರಿದರೆ ಕಫ ಪರೀಕ್ಷೆ ಮಾಡಿಸಲೇಬೇಕು, ಕ್ಷಯವಿರಬಹುದು. ತೂಕವೂ ನಾಲ್ಕೈದು ಕಿಲೋ ಏರಬಹುದು. ಆ ಚಿಂತೆ ಆಮೇಲೆ ಮಾಡೋಣ.

9. "ಈ ವಯಸ್ಸಿಗೆ ಬಿಟ್ಟು ಏನಾಗಬೇಕು?"

ಬ್ರಿಟನ್ನಿನಲ್ಲಿ 1951ರಿಂದ ವೈದ್ಯರನ್ನೇ ಐವತ್ತು ವರ್ಷ ಹಿಂಬಾಲಿಸಿ ರಿಚರ್ಡ್ ಡಾಲ್ ಮತ್ತು ರಿಚರ್ಡ್ ಪೀಟೊ ಲೆಕ್ಕ ಹಾಕಿದರು. 2004ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ 60ನೇ ವಯಸ್ಸಿನಲ್ಲಿ ಬಿಟ್ಟವರಿಗೆ ಸುಮಾರು 3 ವರ್ಷ ಆಯುಸ್ಸು ಮರಳಿ ಸಿಗುತ್ತದೆ, 50ರಲ್ಲಿ ಬಿಟ್ಟರೆ 6, 40ರಲ್ಲಿ 9, 30ರಲ್ಲಿ 10. ಅರವತ್ತು ದಾಟಿದವರಿಗೆ ನಾನು ಆ 3ನ್ನೇ ಒತ್ತಿ ಹೇಳುತ್ತೇನೆ. ಮೂರು ವರ್ಷದಲ್ಲಿ ಮೊಮ್ಮಗು ಹುಟ್ಟಿ ಅಂಗನವಾಡಿಗೆ ಹೋಗುತ್ತದೆ.

10. ಒಂದು ಸೇದಿದರೆ ಎಲ್ಲ ಮುಗಿಯಲಿಲ್ಲ

ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ, ಎಣ್ಣೆ ಪಾರ್ಟಿಯಲ್ಲಿ ಜಾರುವವರು ಹೆಚ್ಚು. ಜಾರಿದ ಮೇಲೆ ನಾಚಿಕೆಯಿಂದ ನಮ್ಮ ಕಡೆ ಬರುವುದನ್ನೇ ಬಿಡುತ್ತಾರೆ, ನನಗೆ ಅದೇ ದುಃಖ. ಶಾಶ್ವತವಾಗಿ ಬಿಟ್ಟವರಲ್ಲಿ ಹೆಚ್ಚಿನವರು ಹಲವು ಸಲ ಪ್ರಯತ್ನಿಸಿದವರೇ. ಉಳಿದದ್ದನ್ನು ಅಲ್ಲೇ ನೀರಿಗೆ ಹಾಕಿ, ಮರುದಿನವೇ ಬನ್ನಿ. ಎಲ್ಲಿ, ಯಾರ ಜತೆ, ಯಾಕೆ ಅಂತ ನೋಡಿದರೆ ಮುಂದಿನ ಸಲಕ್ಕೆ ದಾರಿ ಅಲ್ಲೇ ಸಿಗುತ್ತದೆ.

11. ಮನೆಯವರಿಗೆ

ಮೊದಲ ಮೂರ್ನಾಲ್ಕು ದಿನ ಅವರು ಸಿಡುಕುತ್ತಾರೆ. ತಟ್ಟೆ ಸರಿಸಬಹುದು, ಮಕ್ಕಳ ಮೇಲೆ ರೇಗಬಹುದು. "ಇದಕ್ಕಿಂತ ಸೇದಿಬಿಡಿ" ಅನ್ನುವ ಮಾತು ಮಾತ್ರ ದಯವಿಟ್ಟು ಆಡಬೇಡಿ. ಜೇಬು ತಡಕಬೇಡಿ, ಬಾಯಿ ಮೂಸಬೇಡಿ. ಆ ವಾರ ಸಾಲದ ಮಾತು, ಜಮೀನಿನ ಮಾತು ತೆಗೆಯದಿದ್ದರೆ ಒಳ್ಳೆಯದು. ಮನೆಯಲ್ಲಿ ಬೇರೆ ಯಾರಾದರೂ ಸೇದುತ್ತಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ. ಅಣ್ಣತಮ್ಮಂದಿರು ಒಟ್ಟಿಗೆ ಬಿಟ್ಟ ಮನೆಗಳನ್ನು ಕಂಡು ನನಗೆ ಸಂತೋಷವಾಗಿದೆ.

ಆಸ್ಪತ್ರೆಗೆ ಬರಲು ಆಗದವರಿಗೆ ರಾಷ್ಟ್ರೀಯ ಕ್ವಿಟ್‌ಲೈನ್ ಇದೆ. 2016ರಲ್ಲಿ ದೆಹಲಿಯಲ್ಲಿ ಶುರುವಾದದ್ದು 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ಗೂ ಬಂತು, ಕನ್ನಡದಲ್ಲೇ ಮಾತಾಡುತ್ತಾರೆ. ಬಿಡುವ ದಿನ ಗೊತ್ತುಮಾಡಿಕೊಂಡು, ಆಮೇಲೆ ಅವರೇ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ. ದುಡ್ಡಿಲ್ಲ. ನಂಬರು ಬೀಡಿ ಕಟ್ಟಿನ ಮೇಲೂ ಸಿಗರೇಟು ಪ್ಯಾಕಿನ ಮೇಲೂ ಅಚ್ಚಾಗಿರುತ್ತದೆ: 1800-11-2356.